ಬ್ಯಾಟರಿ ಕೋಣೆಯ ಹಿರಿಯರು

ಎಪ್ಪತ್ತರ ದಶಕದ ಕೊನೆಗೆ ನಾನು ಮಾನ್ವಿಯ ವಿದ್ಯುತ್ ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದೆ. ಅಲ್ಲಿ ಬ್ಯಾಟರಿ ಕೋಣೆ ನೋಡಿಕೊಳ್ಳುವ ಹಿರಿಯರೊಬ್ಬರಿದ್ದರು. ಅವರ ಅಂಗಿಯ ತುಂಬ ಆಸಿಡ್ ಸುಟ್ಟ ತೂತುಗಳು. ಸಾಲಾಗಿ ಇಟ್ಟ ಗಾಜಿನ ಬ್ಯಾಟರಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದಕ್ಕೂ ನೀರು ಹನಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ನೀರು ಹಾಕುವುದೂ ಒಂದು ಕೆಲಸವೇ ಎಂದು ನಾವು ನಕ್ಕರೆ, “ದಿನಾ ಹೊಟ್ಟಿ ತುಂಬಸ್ರಿ, ಒಂದಿನ ದುಡೀತದ” ಎನ್ನುತ್ತಿದ್ದರು.

ಒಮ್ಮೆ ನಮ್ಮ ಸಾಹೇಬರು ಮನೆಯ ಸಮಾರಂಭದ ಮೈಕಿಗೆಂದು ಆರು ಬ್ಯಾಟರಿ ಬಿಚ್ಚಿಕೊಡಲು ಹಿರಿಯರಿಗೆ ಹೇಳಿದರು.

“ಆಗಂಗಿಲ್ರೀ ಸಾಹೇಬ್ರ. ಜೋಡೆತ್ತಿನಾಗ ಒಂದು ಬಿಚ್ಚಿದ್ರ ಬಂಡಿ ಹೋಗತದೇನ್ರಿ?”

“ದೇವದುರ್ಗಕ್ಕ ಎತ್ತಿ ಹಾಕಸ್ತೀನಿ ನಿನ್ನ!” ಎಂದು ಸಾಹೇಬರು ವರ್ಗಾವಣೆಯ ಬೆದರಿಕೆ ಹಾಕಿ, ಕೂಗಾಡಿ ಬರಿಗೈಲಿ ಹೋದರು.

ಮೂರನೆಯ ದಿನ ಮಧ್ಯಾಹ್ನ ಬಿರುಗಾಳಿಗೆ ಬಾಗಲವಾಡದ ಲೈನಿನ ತಂತಿ ಹರಿದು, ಜನ ಸಂತೆಯಿಂದ ಮರಳುತ್ತಿದ್ದ ದಾರಿಗೆ ಬಿತ್ತು. ಸ್ಟೇಷನ್ನಿನ ದೀಪಗಳು ಮಂಕಾದವು, ಬ್ಯಾಟರಿಗಳಿಗೆ ಕರೆಂಟು ತುಂಬುವ ಚಾರ್ಜರೂ ನಿಂತಿತು. ಆದರೆ ಒಂದೂ ಕಡಿಮೆಯಾಗದೆ ಸಾಲಿನಲ್ಲಿದ್ದ ಆ ಬ್ಯಾಟರಿಗಳ ಬಲದಿಂದಲೇ ಬ್ರೇಕರ್ ಎಂಬ ದೊಡ್ಡ ಸ್ವಿಚ್ಚು ಧಡ್ಡೆಂದು ತೆರೆದು, ಹರಿದ ಲೈನನ್ನು ಕಡಿದು ಹಾಕಿತು. ಯಾರಿಗೂ ಏನೂ ಆಗಲಿಲ್ಲ. ಉಳಿದ ಊರುಗಳ ಕರೆಂಟೂ ಹೋಗಲಿಲ್ಲ.

ಸಂಜೆ ಸಾಹೇಬರು ಆ ಕೋಣೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡಲು ಹೋದರು. ಹಿರಿಯರು ತಿರುಗಲಿಲ್ಲ. ಚಾರ್ಜಿಗೆ ಹಾಕಿದ ಬ್ಯಾಟರಿಗಳಲ್ಲಿ ಏಳುತ್ತಿದ್ದ ಗುಳ್ಳೆಗಳನ್ನೇ ನೋಡುತ್ತ, ತಡೆಯುವಂತೆ ಕೈ ಎತ್ತಿದರು.

“ದುಡಿದು ಬಂದದ, ಉಣ್ಣಾಕತ್ತದ ಸಾಹೇಬ್ರ. ಆಮ್ಯಾಲ ಬರ್ರಿ.”