ಕೂಸಿನ ಗೆರೆ ಎಳೆಯದೆ ಹೋದ ಮಲ್ಲೇಶ

ಸುಳ್ಳು ಸುದ್ದಿ ಅಂತ ಯಾರಾದರೂ ಫೋನ್ ಮಾಡಿ ಹೇಳಿ...
ಬೈಯುವುದಿಲ್ಲ. ಕಾಲಿಗೆ ಬೀಳುತ್ತೇನೆ.

ನಮ್ಮ ಮಲ್ಲೇಶ ಹೋಗಿಬಿಟ್ಟ.
ತಿಪಟೂರಿನಲ್ಲಿ ನಾವಿಬ್ಬರೂ ಸೇರಿ ನಡೆಸುತ್ತಿದ್ದ ರಿಪೇರಿ ಅಂಗಡಿಯ ಮಲ್ಲೇಶ...
ನಿಮ್ಮಲ್ಲಿ ಎಷ್ಟೋ ಜನರ ಮಿಕ್ಸಿ, ಫ್ಯಾನು ಬಿಚ್ಚಿದ ಕೈ ಅದು.
ಬೆಳಿಗ್ಗೆ ಬಿಳಿಗೆರೆಯ ಮನೆ ಮುಂದೆ ಸ್ಕೂಟರ್ ಸ್ಟಾರ್ಟ್ ಮಾಡಲು ಹೋದವನು ಎದೆ ಹಿಡಿದುಕೊಂಡು ಕುಳಿತನಂತೆ.
ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.
ಹಾರ್ಟ್ ಅಟ್ಯಾಕ್ ಅಂತೆ... ಒಂದು ದಿನವೂ ತಲೆನೋವು ಅಂದವನಲ್ಲ.

ಅವನ ಮನೆಯ ಅಂಗಳದಲ್ಲಿ ಕುಳಿತು ಬರೆಯುತ್ತಿದ್ದೇನೆ.
ನನ್ನ ಜೇಬಿನಲ್ಲಿ ಅವನು ತಿದ್ದಿದ ಸೊಳ್ಳೆ ಮಷೀನು ಇದೆ.
ಅದೇ... ಗೋಡೆಯ ಪ್ಲಗ್ಗಿಗೆ ಹಾಕುವ, ಲಿಕ್ವಿಡ್ ಬಾಟಲಿಯದು.

ಕೊಂಡು ತರುವ ಮಷೀನಿಗೆ ಒಂದೇ ಬಿಸಿ. ಬಿಸಿ ಎಷ್ಟೋ ವಾಸನೆಯೂ ಅಷ್ಟು.
ಅವನ ಮಗಳು ಸುಮಾಗೆ ಚಿಕ್ಕಂದಿನಿಂದ ಉಬ್ಬಸ. ಈಗ ಮಾಯಸಂದ್ರದಲ್ಲಿ, ಗಂಡನ ಮನೆಯಲ್ಲಿ, ಹಸಿ ಬಾಣಂತಿ.
ಕಿಟಕಿ ಮುಚ್ಚಿದ ಕೋಣೆ...
ಮಷೀನು ಹಾಕಿದರೆ ಅವಳಿಗೆ ಉಸಿರು ಕಟ್ಟುತ್ತದೆ. ತೆಗೆದರೆ ಕೂಸನ್ನು ಸೊಳ್ಳೆ ಬಿಡುವುದಿಲ್ಲ.
ಬಿಸಿಯನ್ನು ಬೇಕಾದಷ್ಟಕ್ಕೆ ತಿರುಗಿಸಿಕೊಳ್ಳುವ ಹಾಗೆ ಮಾಡುತ್ತೇನೆ ಎಂದು ಹಟಕ್ಕೆ ಬಿದ್ದ.

ಮೊದಲು ಫ್ಯಾನ್ ರೆಗ್ಯುಲೇಟರ್ ಕಟ್ಟಿದ. ಮಷೀನಿಗಿಂತ ಅದೇ ದೊಡ್ಡದು!
"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ" ಎಂದು ನಕ್ಕಿದ್ದೆ. ಎಷ್ಟು ತಿರುಗಿಸಿದರೂ ಬಿಸಿಯೂ ಇಳಿಯಲಿಲ್ಲ.

ಆಮೇಲೊಂದು ದಿನ ಓಡುತ್ತಾ ಅಂಗಡಿಗೆ ಬಂದ.
ಅವರ ಅಡುಗೆಮನೆಯ ಒಲೆ ಮೇಲಿನ ಅಟ್ಟದಲ್ಲಿ ಕೊಬ್ಬರಿಗೆಂದು ಇಟ್ಟ ಕಾಯಿ ಒಂದು ಮೂಲೆಯಲ್ಲಿ ಕಾದು ಬಿರಿಯುತ್ತಿತ್ತಂತೆ. ಇವನು ಒಲೆಯ ಸೌದೆ ಎಳೆಯಲು ಹೋದನಂತೆ.
"ಒಲೆ ಯಾಕ್ಲಾ ಆರುಸ್ತೀಯ... ಕಾಯಿ ಆಚೆ ಸರ್ಸು" ಅಂದರಂತೆ ಅವರಮ್ಮ.
ಅಷ್ಟೇ!
ಹೀಟರ್ ಬಿಸಿ ಹಾಗೇ ಇರಲಿ, ಲಿಕ್ವಿಡ್ ಹೀರುವ ಬಾಟಲಿಯ ಬತ್ತಿಯಿಂದ ಅದನ್ನು ದೂರ ಸರಿಸಿದರಾಯಿತು.
ಹೆಬ್ಬೆರಳ ಉಗುರಿನಷ್ಟು ಒಂದು ತಿರುಗಣೆ ಕೂರಿಸಿದ. ಆ ಕಡೆ ತಿರುಗಿಸಿದರೆ ಹತ್ತಿರ, ಈ ಕಡೆ ತಿರುಗಿಸಿದರೆ ದೂರ. ಮಷೀನಿನ ಗಾತ್ರ ಇದ್ದಷ್ಟೇ ಉಳಿಯಿತು.

ಡಿಗ್ರಿ ಗಿಗ್ರಿ ಬರೆಯಲಿಲ್ಲ.
ದನಗಳ ಹತ್ತಿರ ಹಾಕಿ ನೋಡಿ "ಕೊಟ್ಟಿಗೆ" ಅಂತ ಒಂದು ಗೆರೆ. ನಡುಮನೆಯಲ್ಲಿ ಹಾಕಿ ನೋಡಿ "ಮನೆ" ಅಂತ ಒಂದು ಗೆರೆ.
"ಕೂಸು" ಅನ್ನುವ ಗೆರೆ ಮಾತ್ರ ಬಾಕಿ.
"ಅದ್ನ ಇಲ್ಲಿ ಕುಂತ್ಕಂಡು ಎಳೆಯಕ್ಕಾಗಲ್ಲ ಕಣ್ಲಾ. ಕೂಸಿನ್ ಪಕ್ಕ ಕುಂತು, ಸುಮಾ ಉಸ್ರು ನೋಡ್ಕಂಡು ಎಳೀಬೇಕು. ಭಾನ್ವಾರ ಹೋಗ್ಬತ್ತೀನಿ ಬುಡು" ಅಂದಿದ್ದ. ನಿನ್ನೆ.

ಮಲ್ಲೇಶ... ಏನೋ ಇದು?
ಭಾನುವಾರದ ತನಕ ತಡೆಯಲು ಆಗಲಿಲ್ಲವೇನೋ ನಿನಗೆ?
ಮೊಮ್ಮಗನ ಮುಖವನ್ನು ಫೋನಿನಲ್ಲಿ ಬಿಟ್ಟರೆ ನೋಡಲೇ ಇಲ್ಲವಲ್ಲೋ ನೀನು...
ನಾಳೆ ಅಂಗಡಿ ಶಟರ್ ನಾನೊಬ್ಬನೇ ಹೇಗೆ ಎತ್ತಲಿ?
ಆ ಗೆರೆ ಎಲ್ಲಿ ಎಳೆಯಬೇಕೋ ನನಗೆ ಗೊತ್ತಿಲ್ಲ ಕಣೋ. ನಿಜವಾಗಿ ಗೊತ್ತಿಲ್ಲ.

ಸಂಜೆ ಮಣ್ಣು. ಸುಮಾ ಬರುವ ಹಾಗಿಲ್ಲ.
ಹಸಿ ಮೈ, ಎಳೆ ಕೂಸು, ಸಾವಿನ ಮನೆಗೆ ಬೇಡ ಅಂದಿದ್ದಾರೆ ಹಿರಿಯರು.
ಫೋನಿನಲ್ಲಿ ಅವಳ ಅಳು ಕೇಳಲಾಗಲಿಲ್ಲ...
"ಚಿಕ್ಕಪ್ಪ, ಅಪ್ಪನ್ ಮುಖನಂತೂ ನೋಡಕ್ಕೆ ಬುಡ್ತಿಲ್ಲ... ಅಪ್ಪ ಮಾಡಿದ್ದನ್ನಾದ್ರೂ ತಂದ್ಕೊಡಿ ಚಿಕ್ಕಪ್ಪ."

ತರುತ್ತೇನೆ ಅಂದೆ. ಕೇಳಿಸಿಕೊಂಡ ನೆಂಟರೊಬ್ಬರು ತಡೆದರು.
"ಸತ್ತೋನ್ ಸಾಮಾನು ಬಾಣಂತಿ ಕ್ವಾಣೆಗೆ ಬ್ಯಾಡ ಕಣಪ್ಪ."

ಮಗನ ತಲೆಯ ಹತ್ತಿರ ಕುಳಿತಿದ್ದ ಅವರಮ್ಮ, ಬೆಳಗಿನಿಂದ ಬಾಯಿ ಬಿಡದವರು, ತಲೆ ಎತ್ತಿದರು.
"ಸತ್ತೋನು ಮಾಡಿದ್ದಲ್ಲ ಅದು. ನನ್ ಮಗ ಬದ್ಕಿದ್ದಾಗ ಮಾಡಿದ್ದು. ತಕಂಡೋಗಪ್ಪ."

ಮಣ್ಣು ಮುಗಿಸಿ, ಮಿಂದು, ಮಾಯಸಂದ್ರಕ್ಕೆ ಹೊರಡುತ್ತೇನೆ ಮಲ್ಲೇಶ.
ನಿನ್ನ ಅಂಗಿ ಜೇಬಿನ ಪೆನ್ನನ್ನೂ ಅಮ್ಮನ ಹತ್ತಿರ ಕೇಳಿ ಇಸಕೊಂಡಿದ್ದೇನೆ.
ಉಸಿರು ಎಲ್ಲಿ ಹಗುರಾಗುತ್ತದೋ ಅಲ್ಲಿ ಸುಮಾಳೇ ಗೆರೆ ಎಳೆಯಲಿ.


ಹೋಗು ಗೆಳೆಯ.
ಶಿವನ ಪಾದದ ನೆರಳಿನಲ್ಲಿ ತಣ್ಣಗಿರು... 🙏