ಮಂಗಳೂರಿನಿಂದ ಮೈಸೂರಿಗೆ ಒಂದು ಗಂಟೆ

ಅವರ ಬಲಗೈ ಮೊಣಕೈವರೆಗೆ ಹುರಿದ ಕಾಫಿಬೀಜದ ಹಾಗೆ ಕಪ್ಪು, ಎಡಗೈ ಮಾತ್ರ ಗೋಧಿ ಬಣ್ಣ. ಟ್ಯಾಕ್ಸಿಯ ಕಿಟಕಿಗೆ ಬಲಗೈ ಊರಿ ಮೂವತ್ತು ವರ್ಷ ಮಡಿಕೇರಿ, ಮಂಗಳೂರು ಎಂದು ಓಡಿಸಿದವರು. ಮನೆ ಘಾಟಿಯ ಬುಡದ ಸಂಪಾಜೆ, ಸ್ಟ್ಯಾಂಡು ಘಾಟಿಯ ಮೇಲಿನ ಮಡಿಕೇರಿ. ನಮಗೆಲ್ಲ ಅವರು ಡ್ರೈವರಣ್ಣ. ಶಾಲೆಯಲ್ಲಿ ಪಾಠ ಹೇಳುವ ನಾನು ಅವರಿಗೆ ಮಾಷ್ಟ್ರು.

ಇನ್ನೆಷ್ಟು ಕಿಲೋಮೀಟರ್ ಎಂದು ಯಾರಾದರೂ ಕೇಳಿದರೆ ರೇಗುತ್ತಿದ್ದರು. “ಅದನ್ನು ಕಲ್ಲು ನೆಟ್ಟವರತ್ರ ಕೇಳಿ. ನಂಗೆ ತಿರುವು ಮಾತ್ರ ಗೊತ್ತು!”

ಒಂದು ವರ್ಷ ಅಮ್ಮನನ್ನು ಚಿಕಿತ್ಸೆಗೆ ಅವರ ಕಾರಿನಲ್ಲೇ ಮಂಗಳೂರಿಗೆ ಕರೆದೊಯ್ದೆ. ನರಳುತ್ತಾ ಹತ್ತಿದ ಅಮ್ಮ ಘಾಟಿ ಇಳಿಯುವಷ್ಟರಲ್ಲಿ ನಿದ್ದೆಹೋಗಿರುತ್ತಿದ್ದಳು. ಅಷ್ಟು ಮೆತ್ತಗೆ ತಿರುವು ತೆಗೆಯುತ್ತಿದ್ದರು, ಪುಣ್ಯಾತ್ಮ. ಆಸ್ಪತ್ರೆ ಬಂದರೂ ಎಬ್ಬಿಸಲು ಬಿಡುತ್ತಿರಲಿಲ್ಲ. “ಇನ್ನೊಂದೈದು ನಿಮಿಷ ಮಲಗ್ಲಿ ಮಾಷ್ಟ್ರೇ.”

ಎಷ್ಟೋ ಜನರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದವರು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಮಂಗಳೂರಿನಿಂದ ಮೈಸೂರಿಗೆ ವಿಮಾನ ಶುರುವಾದಾಗ ಅವರಿಗೆ ಅದೇ ಗುಂಗು. “ನಾವು ಆರು ಗಂಟೆ ಗಿರಗಿರ ತಿರುಗಿ ಹೋಗುವಲ್ಲಿಗೆ ಅದು ಒಂದೇ ಗಂಟೆಯಂತೆ ಮಾರಾಯ್ರೆ! ಬಲಬದಿ ಕೂತ್ರೆ ನಮ್ಮ ಘಾಟಿ ಕಾಣ್ತದಂತೆ. ಇಷ್ಟು ವರ್ಷ ಸುತ್ತಿದ್ದು ಮೇಲಿಂದ ಹೇಗುಂಟೂಂತ ಒಮ್ಮೆ ನೋಡ್ಬೇಕು.”

ಅಮ್ಮ ಹುಷಾರಾದ ಮೇಲೆ ಡ್ರೈವರಣ್ಣನಿಗೂ ನನಗೂ ಟಿಕೆಟ್ ತೆಗೆದೆ. ಬೇಡ ಬೇಡ ಎನ್ನುತ್ತಲೇ ಇಸ್ತ್ರಿ ಅಂಗಿ ತೊಟ್ಟು ಬಂದರು. ಕಿಟಕಿಯ ಸೀಟು ಅವರಿಗೇ. ವಿಮಾನ ಓಡತೊಡಗಿದಾಗ ಬಲಗಾಲಿನಿಂದ ಇಲ್ಲದ ಬ್ರೇಕ್ ಒತ್ತುತ್ತಿದ್ದರು. ಮೇಲೇರಿದ ಮೇಲೆ, “ಇದ್ರಲ್ಲಿ ತಿರುವೇ ಇಲ್ವಲ್ಲ!” ಎಂದರು. ಐದು ನಿಮಿಷವಾಗಿರಲಿಲ್ಲ, ತಲೆ ನನ್ನ ಹೆಗಲಿಗೆ ವಾಲಿತು. ಗಾಢ ನಿದ್ದೆ!

ಬೇರೆಯವರು ಓಡಿಸುವಾಗ ಸುಮ್ಮನೆ ಕೂತು ಅವರಿಗೆ ಅಭ್ಯಾಸವೇ ಇರಲಿಲ್ಲ. ಎಬ್ಬಿಸಲು ಕೈ ಎತ್ತಿದೆ. ನನ್ನಮ್ಮನ ನಿದ್ದೆ ಕಾದ ಮನುಷ್ಯನನ್ನು ಎಬ್ಬಿಸುವುದು ಹೇಗೆ? ಇನ್ನೊಂದೈದು ನಿಮಿಷ, ಇನ್ನೊಂದೈದು ನಿಮಿಷ ಎಂದು ಆ ದಣಿದ ಮುಖವನ್ನೇ ನೋಡುತ್ತಾ ಕೂತೆ. ಕಿಟಕಿಯಾಚೆ ನಾನೂ ನೋಡಲಿಲ್ಲ. ಮೈಸೂರಿನಲ್ಲಿ ಚಕ್ರ ನೆಲಕ್ಕೆ ಬಡಿದಾಗ ಗಡಬಡಿಸಿ ಎದ್ದು, “ಸಂಪಾಜೆ ಬಂತಾ?” ಎಂದರು.

ನನಗೆ ಜೀವವೇ ಹೋದಂತಾಯಿತು. ನಿಮ್ಮ ಪಾಲಿಗೆ ನಾನು ನೋಡಿದೆನಲ್ಲ ಎಂದುಬಿಟ್ಟೆ. ಹಸಿರು ಗುಡ್ಡಕ್ಕೆ ನೂಲು ಸುತ್ತಿದ ಹಾಗಿತ್ತು ರಸ್ತೆ, ನಿಮ್ಮ ಮನೆಯ ಹೆಂಚೂ ಕಂಡಿತು, ಅಂಗಳದಲ್ಲಿ ಅತ್ತಿಗೆ ಬಟ್ಟೆ ಒಣಗಿಸುತ್ತಿದ್ದರು ಎಂದೆ.

“ಹೌದಾ?” ಎಂದು ನನ್ನನ್ನೇ ಒಂದು ಗಳಿಗೆ ನೋಡಿದರು. “ಇನ್ನೊಮ್ಮೆ ಹೋಗುವ. ಆಗ ನಿದ್ದೆ ಮಾಡಿದ್ರೆ ಕೆನ್ನೆಗೆ ಎರಡು ಬಿಡಿ.”

ಆ ಇನ್ನೊಮ್ಮೆ ಬರಲೇ ಇಲ್ಲ. ಆ ವಿಮಾನದ ಓಡಾಟವೇ ನಿಂತುಹೋಯಿತು, ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ, “ಮೇಲಿಂದ ನೋಡಿದ್ದು ಹೇಳಿ ಮಾಷ್ಟ್ರೇ,” ಎಂದರು. ಮತ್ತೆ ಶುರುಮಾಡಿದೆ: ರಸ್ತೆ, ಹೆಂಚು, ಬಟ್ಟೆ. ಸಣ್ಣಗೆ ನಕ್ಕರು.

“ನಮ್ಮ ಮನೆ ಮೇಲೆ ಎರಡು ಹಲಸಿನ ಮರ ಕವುಚಿ ಉಂಟು. ಮೇಲಿಂದ ದೇವರಿಗೂ ಕಾಣ್ಲಿಕ್ಕಿಲ್ಲ. ಆವತ್ತೇ ಗೊತ್ತಾಗಿತ್ತು ನಂಗೆ.”

ನಾಚಿಕೆಯಿಂದ ತಲೆ ತಗ್ಗಿಸಿದೆ.

“ಅದಿರ್ಲಿ. ನೀವು ಹೇಳಿ,” ಎಂದು ಕಣ್ಣು ಮುಚ್ಚಿದರು.

ಮಡಿಕೇರಿಯ ಮೊದಲ ತಿರುವಿನಿಂದ ಹಿಡಿದು ಅವರ ಮನೆಯ ಬಾಗಿಲವರೆಗೆ ಹೇಳಿದೆ. ಅದೇ ವಾರ ತೀರಿಕೊಂಡರು. ಈಗಲೂ ಆ ಘಾಟಿ ಇಳಿಯುವಾಗ ಆ ಎರಡು ಹಲಸಿನ ಮರಗಳನ್ನು ಹುಡುಕುತ್ತೇನೆ. ಅವತ್ತು ಎಬ್ಬಿಸಬೇಕಿತ್ತು.