ಒಮ್ಮೆ ತುಳಿದು ನಂಬಬಾರದು

ಜಮಖಂಡಿಯ ಆ ಮೆಕ್ಯಾನಿಕ್, ಹೊಸ ಬ್ರೇಕ್ ಡಿಸ್ಕ್ ಹಾಕಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೆ ತಾವೇ ಕೂತು ತುಳಿಯುತ್ತಿದ್ದರು. “ಬ್ರೇಕ್ ಒಮ್ಮೆ ತುಳದು ನಂಬಬ್ಯಾಡ್ರಿ,” ಎನ್ನುವುದು ಅವರ ಮಾತು.

ನಮ್ಮ ಹಳೆಯ ಕಾರಿಗೆ ಮುಂದಿನ ಎರಡೂ ಡಿಸ್ಕ್ ಹಾಕಿ ಅವರು ಕೈ ತೊಳೆಯಲು ಹೋದರು. ಅವ್ವನನ್ನು ಬೀಳಗಿಗೆ ಕರೆದೊಯ್ಯುವ ಅವಸರದಲ್ಲಿ ನಾನು ಕಾರು ಹೊರಡಿಸಿಬಿಟ್ಟೆ. ಕೈ ತೊಳೆದುಕೊಂಡು ಮೆಕ್ಯಾನಿಕ್ ಎದುರಿಗೇ ಬಂದರು. ಬ್ರೇಕ್ ತುಳಿದೆ; ಪೆಡಲ್ ನೆಲಕ್ಕೆ ತಾಗಿತು. ಮತ್ತೆ ಮತ್ತೆ ತುಳಿದ ಮೇಲೆ ಕಾರು ನಿಂತಿತು.

ಅವರು ನಿಂತಲ್ಲಿಂದ ಕದಲಲಿಲ್ಲ ಎಂದು ನನ್ನ ನೆನಪು. ಆ ನೆನಪು ತೀರ ಚೆಂದವಾಗಿರುವುದರಿಂದಲೇ ನನಗೆ ಅದರ ಮೇಲೆ ಅನುಮಾನ.

“ಎಲ್ಲೀದೋ, ಬೇವಿನ ಗಿಡದ ಹಿಂದ ಜಿಗದ್ರಲ್ಲ,” ಎನ್ನುತ್ತಾಳೆ ಹಿಂದೆ ಕೂತಿದ್ದ ಅವ್ವ.

ಆಮೇಲೆ ಕಿಟಕಿಯೊಳಗೆ ಒದ್ದೆ ಕೈ ಚಾಚಿ ಅವರು ಅಂದದ್ದರ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ: “ಚಾವಿ ಕೊಡ್ರಿ. ಕೆಲಸ ಇನ್ನೂ ಮುಗದಿಲ್ಲ.”